ಚೀಲ ಕಟ್ಟಿದ ತೆನೆಗಳು

ಕಂಪ್ಲಿ
೧೪ ನವೆಂಬರ್ ೧೯೩೬

ಪ್ರೀತಿಯ ಜಡೆಪ್ಪನಿಗೆ,

ಸಂಡೂರಿನ ಚಳಿಯಲ್ಲಿ ನೀವು ಮೂವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಬೈಯಬೇಡ. ಬರೆಯಲು ಕೂತರೆ ನಿಮ್ಮಪ್ಪನ ಸುದ್ದಿಯಿಂದಲೇ ಶುರುಮಾಡಬೇಕಿತ್ತು. ಪ್ರಯೋಗದ ಗದ್ದೆಯ ಕಾವಲಿನಿಂದ ಭರಮಣ್ಣನವರನ್ನು ತೆಗೆದುಹಾಕಿದರು.

ಕಾಲುವೆ ಕೆಳಗಿನ ಚೌಳು ನೆಲದಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದರೂ ನಮ್ಮ ಕೆಂಪು ಭತ್ತ ಬದುಕುತ್ತದೆ, ಬಿಳಿ ಸಣ್ಣಭತ್ತ ಸಾಯುತ್ತದೆ. ಹೋದ ವರ್ಷ ಕೃಷಿ ಇಲಾಖೆಯ ಸಾಹೇಬರು ಬಿಳಿಯ ಹೂಗಳ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಕೆಂಪಿನ ಪರಾಗ ಉದುರಿಸಿ, ಬೇರೆ ಪರಾಗ ಸೋಕದಂತೆ ತೆನೆಗಳಿಗೆ ಕಾಗದದ ಚೀಲ ಕಟ್ಟಿದ್ದರು. ಬರೆದುಕೊಳ್ಳುವ ಗುಮಾಸ್ತ ನಾನು. ಮೊದಲ ಪೀಳಿಗೆಯ ಸಸಿಗಳೆಲ್ಲ ಉಪ್ಪಿನ ಮುಂದೆ ಒಂದೇ ಥರ ಇರಬೇಕಂತೆ. ಈ ವರ್ಷ ಚೌಳಿನಲ್ಲಿ ನೆಟ್ಟರೆ ಅರ್ಧ ನಿಂತವು, ಅರ್ಧ ಸುಟ್ಟಂತೆ ಒಣಗಿದವು.

“ಯಾರೋ ಚೀಲ ಬಿಚ್ಚಿದ್ದಾರೆ, ಬಿಳಿಯ ಪರಾಗವೇ ಸೋಕಿದೆ,” ಅಂದರು ಸಾಹೇಬರು. ಅಂದಿನಿಂದ ಎಲ್ಲರ ಕಣ್ಣೂ ಎಲ್ಲರ ಮೇಲೆ. ನನ್ನ ಟಿಪ್ಪಣಿ ಪುಸ್ತಕಕ್ಕೂ ಬೀಗ ಬಿತ್ತು. ಹೊಸ ತಳಿ ಬೇಡವೆನ್ನುತ್ತಿದ್ದ ಗಿರಣಿಯ ಅಂದಾನಪ್ಪನ ಕೈವಾಡವೆಂದು ಕೆಲವರು ಪಿಸುಗುಟ್ಟಿದರು. ನಾಟಿಗೆ ಬರುವ ನಿಂಗಕ್ಕ ನಿಮ್ಮಪ್ಪನ ಎದುರಿಗೇ ನಕ್ಕಳು: “ಕಾವಲ್ಗಾರಗ ಗೊತ್ತಾಗದಂಗ ಇಲಿ ಬಂದು ಗಂಟು ಬಿಚ್ಚಿತೇನ್ರಿ?”

ಅವರು ಸಾಹೇಬರ ಎದುರು ಹೋಗಿ ನಿಂತರು. “ನಾ ಮುಟ್ಟಿಲ್ರಿ. ಗವಿಸಿದ್ದಪ್ಪನ್ನ ಕೇಳ್ರಿ, ದಿನಾ ಇಲ್ಲೇ ಇರ್ತಿದ್ದ. ನನ್ನ ಮಗನಂಗ ಅದಾನ, ಸುಳ್ಳು ಹೇಳಂಗಿಲ್ಲ,” ಅಂದರು.

ಸಾಹೇಬರು ನನ್ನ ಕಡೆ ತಿರುಗಿದರು. “ಗಮನಿಸಲಿಲ್ಲ ಸಾರ್,” ಅಂದೆ. ನಿಮ್ಮಪ್ಪ ಕೋಲು ಅಲ್ಲೇ ಇಟ್ಟು ನಡೆದರು. ಈಗ ಮನೆಯಿಂದ ಹೊರಗೇ ಬರುತ್ತಿಲ್ಲ. ಜಲ್ದಿ ಬಂದು ಅವರನ್ನು ಕರೆದುಕೊಂಡು ಹೋಗು.

ಅತ್ತಿಗೆಗೆ ನಮಸ್ಕಾರ. ನಿನ್ನ ಕೂಸನ್ನು ವಿರೂಪಾಕ್ಷ ಚೆನ್ನಾಗಿಟ್ಟಿರಲಿ.

ನಿನ್ನ
ಗವಿಸಿದ್ದಪ್ಪ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಾನು ಗಮನಿಸಿದ್ದೆ, ಜಡೆಪ್ಪ. ಚೀಲ ಕಟ್ಟಿದ ಮರುದಿನವೇ, ತುಂಬಿದ ಪೈರನ್ನು ಬಸುರಿಯೆಂದು ಪೂಜಿಸುವ ಸೀಗಿ ಹುಣ್ಣಿಮೆ. ನಿಮ್ಮಪ್ಪ ಉಣ್ಣಲು ಹೋಗಿದ್ದರು. ಗದ್ದೆಗೆ ಚರಗದ ಅನ್ನ ಚೆಲ್ಲಲು ಬಂದ ನಮ್ಮವ್ವ ಒಂದೊಂದೇ ಚೀಲ ಬಿಚ್ಚುತ್ತಿದ್ದಳು. ಓಡಿಹೋಗಿ ತಡೆದರೆ, “ಬಸುರಿ ಮುಖಕ್ಕ ಚೀಲ ಕಟ್ತಾರೇನಲೇ? ಉಸುರಾಡ್ಲಿ ಬಿಡು,” ಅಂದಳು. ಅವಳನ್ನು ಮನೆಗೆ ಕಳಿಸಿ ಮತ್ತೆ ಗಂಟು ಹಾಕಿದವನು ನಾನೇ. ಸಾಹೇಬರ ಮುಂದೆ ಅವ್ವನ ಹೆಸರು ಹೇಳಲು ಬಾಯಿ ಬರಲಿಲ್ಲ. ಈ ಕಾಗದವನ್ನು ಸಾಹೇಬರಿಗೆ ತೋರಿಸಬೇಕು ಅನ್ನಿಸಿದರೆ ನೀನು ತೋರಿಸು. ನನ್ನ ಕೈಲಿ ಆಗುವುದಿಲ್ಲ.