ಸೇವಂತಿ ಇಳಿಯುವವರೆಗಿನ ಉಪವಾಸ

ಇವರಿಗೆ,

ಸಾಂತಾಕ್ರೂಜಿನ ವಿಮಾನ ನಿಲ್ದಾಣಕ್ಕೆ ಹೊರಟಿದ್ದೇನೆ. ತಂಗಿ ಸೇವಂತಿಯ ವಿಮಾನ ಬೆಳಿಗ್ಗೆ ಹನ್ನೊಂದಕ್ಕೆ ಇಳಿಯುತ್ತದೆ. ಏಳು ವರ್ಷದ ಮೇಲೆ ಅವಳ ಮುಖ ನೋಡುತ್ತೇನೆ. ಖುಷಿಗೆ ಸೆರಗು ನಿಲ್ಲುತ್ತಿಲ್ಲ, ಅಕ್ಷರವೂ ನಿಲ್ಲುತ್ತಿಲ್ಲ.

ನಿನ್ನೆ ಊಟ ಯಾಕೆ ಬಿಟ್ಟೆ ಎಂದಿರಲ್ಲ. ಪ್ರಯಾಣ ಹೊರಟವರು ತಲುಪುವವರೆಗೆ ಮನೆಯಲ್ಲಿ ಒಬ್ಬರು ಹೊಟ್ಟೆ ಕಟ್ಟಬೇಕೆಂಬುದು ನಮ್ಮ ಅಮ್ಮನ ಕ್ರಮ. ಸೇವಂತಿ ಹಡಗಿನಲ್ಲಿ ಹೋದಾಗ ಹನ್ನೆರಡು ದಿನ ಒಪ್ಪೊತ್ತು ಉಂಡಿದ್ದೆ. ಈಗ ನೈರೋಬಿಯಿಂದ ಎರಡು ಸಾವಿರದ ಎಂಟುನೂರು ಮೈಲಿಗೆ ಬರೀ ಹನ್ನೆರಡು ಗಂಟೆಯಂತೆ. ರಾಜಕುಮಾರನನ್ನು ಏಳು ಸಮುದ್ರ ದಾಟಿಸಲು ಅಜ್ಜಿಗೆ ಏಳು ರಾತ್ರಿಯ ಕಥೆ ಬೇಕಿತ್ತು, ಪಾಪ.

ವಿಮಾನ ರಾತ್ರಿ ಎಂಟಕ್ಕೆ ಹೊರಡುತ್ತದೆಂದು ತಂತಿಯಲ್ಲಿತ್ತು. ಎಂಟಕ್ಕೇ ತಟ್ಟೆ ಸರಿಸಿದೆ. ಬೆಳಿಗ್ಗೆ ಪಕ್ಕದ ಕೋಣೆಯ ಮುರಿಗೆಪ್ಪನವರು ತಂತಿ ಓದಿ ನಕ್ಕರು: “ಅಲ್ಲಿ ಗಡಿಯಾರ ಎರಡೂ ಮುಕ್ಕಾಲು ತಾಸು ಹಿಂದ ಅದರೀ ಅಕ್ಕಾರ. ನೀವು ಊಟ ಬಿಟ್ಟಾಗ ಆಕಿ ಮನ್ಯಾಗ ಚಹಾ ಕುಡಿಯಾಕತ್ತಿದ್ಲು.”

ಇರಲಿ, ಹೆಚ್ಚಿನ ಉಪವಾಸ ಕೃಷ್ಣನಿಗೆ.

ದೇವರ ದೀಪಕ್ಕೆ ಎಣ್ಣೆ ಹಾಕಿ. ಪತ್ರೊಡೆ ಮುಚ್ಚಿಟ್ಟಿದ್ದೇನೆ, ಮುಟ್ಟಬೇಡಿ. ಅವಳೂ ನಾನೂ ಒಂದೇ ಎಲೆಯಲ್ಲಿ ತಿನ್ನಬೇಕು. ಸಾಂತಾಕ್ರೂಜಿನಿಂದ ಮಾಟುಂಗಕ್ಕೆ ನಾವು ಬಸ್ಸಿನಲ್ಲಿ ಬರುತ್ತೇವೆ. ಆ ಪ್ರಯಾಣಕ್ಕೆ ಉಪವಾಸ ನಿಮ್ಮದು.

ರಾಜೀವಿ