ಎತ್ತಬಾರದ ಹೆಸರು

ಮಾರ್ಚ್ 3, ಸೋಮವಾರ
ಕ್ಲಿನಿಕ್ ಬಾಗಿಲು ತೆಗೆದೆ. ಒಂಬತ್ತು ಮಂದಿಗೆ ಬಿಪಿ ನೋಡಿದ್ದಾಯಿತು. ಕ್ಲಾರಿ ಮಾವನದು ಇವತ್ತೂ ಜಾಸ್ತಿ.
"ನಿನ್ನ ಮುಖ ಕಂಡ್ರೆ ಏರತ್ತೆ ಕಣೆ ನೋರೀನ್, ಮೆಷಿನ್ ತಪ್ಪಲ್ಲ" ಅಂದ.
ಮಗಳ ಫೋನ್. ಡಯಾಲಿಸಿಸ್‌ಗೆಂದು ಅವಳು ಪಟ್ಟಣ ಸೇರಿ ವರ್ಷವಾಯಿತು. ಅವಳ ಮಗು ನನ್ನ ಹತ್ತಿರ. ನನ್ನ ತಂಗಿಗೆ ಉಸಿರಿನ ಎಳೆತ ಹೆಚ್ಚಿದೆ. ಮಗು ಅವಳ ಹಾಸಿಗೆ ಬಿಟ್ಟು ಏಳುವುದಿಲ್ಲ. ಇಬ್ಬರಿಗೂ ಒಂದೇ ಹೆಸರು — ಒಬ್ಬರನ್ನು ಕರೆದರೆ ಇಬ್ಬರೂ ಓಗೊಡುತ್ತಾರೆ.
ಮಕ್ಕಳ ಇಲಾಖೆಯ ಬಿಳಿ ಕಾರು ಅಂಗಡಿ ಮುಂದೆ ನಿಂತಿತ್ತು. ಯಾರ ಮನೆಗೋ.

ಮಾರ್ಚ್ 6, ಗುರುವಾರ
ತಂಗಿ ಹೋದಳು.
ಇನ್ನು ಅವಳ ಹೆಸರು ಎತ್ತುವಂತಿಲ್ಲ; ಸತ್ತವರ ಹೆಸರು ಹೇಳುವುದೂ ಬರೆಯುವುದೂ ನಮ್ಮಲ್ಲಿ ಕೂಡದು. ಹಿಂದಿನ ಪುಟಗಳಲ್ಲಿ ಇದ್ದಲ್ಲೆಲ್ಲ ಮಸಿ ಬಳಿದೆ. ಮಗುವಿನ ಹೆಸರೂ ಅದರ ಜೊತೆಗೇ ಹೋಯಿತು. ವರ್ಷವೋ ಎರಡೋ... ಹಿರಿಯರು ಅಪ್ಪಣೆ ಕೊಡುವ ತನಕ ಮಗು ಬರೀ ಕುಮಂಜಯಿ, ಹೀಗೆ ಹೆಸರು ಹೋದ ಎಲ್ಲರನ್ನೂ ಕರೆಯುವಂತೆ.
ಮನೆಗೆ ಹೊಗೆ ಹಾಕಿದೆವು. ಸೊಪ್ಪಿನ ಕೊಂಬೆಯಿಂದ ಅಂಗಳ ಗುಡಿಸಿ ಅವಳ ಹೆಜ್ಜೆಗುರುತು ಅಳಿಸಿದೆವು. ಬೀಗ. ಸಾವಾದ ಮನೆಯಲ್ಲಿ ಇರಬಾರದು, ಹಳ್ಳದ ಆಚೆ ಬಿಡಾರ — ಹಾಸಿಗೆ, ಕಂಬಳಿ, ಕೆಟಲ್, ನಾಯಿಗಳು. ಮೈಗೆ ಸೂತಕದ ಬಿಳಿ ಮಣ್ಣು. ಕೂದಲು ಕತ್ತರಿಸಿಕೊಂಡೆವು, ಮಗುವಿಗೂ.
"ಅಜ್ಜೀ, ನಾನೀಗ ಯಾರು?"
"ನನ್ನ ಮಗು. ಅಲ್ಲಾಡ್ಬೇಡ, ಕಿವಿ ಹೋಗತ್ತೆ."

ಮಾರ್ಚ್ 9, ಭಾನುವಾರ
ಗುಡಿಸಿದ ಅಂಗಳದಲ್ಲಿ ಹೆಜ್ಜೆ. ಮಾವ ದೂರದಿಂದಲೇ ತೋರಿಸಿದ. ನಮ್ಮವರದಲ್ಲ, ಹೆಂಗಸಿನ ಬೂಟು. ಎಡಗಾಲು ಆಳ — ಆ ಹೆಗಲಲ್ಲಿ ಭಾರದ ಚೀಲ. ಅಡುಗೆಮನೆಯ ಕಿಟಕಿ ಬಳಿ ಬಹಳ ಹೊತ್ತು ನಿಂತಿದ್ದಾಳೆ. ಹಿಂದಿರುಗುವಾಗ ಬಿರುಸು ನಡಿಗೆ.
ಏನು ಕಂಡಿರಬೇಕು ಅವಳಿಗೆ? ಖಾಲಿ ಕೋಣೆ. ಬಾಗಿಲು ತೆರೆದಿಟ್ಟ ಖಾಲಿ ಫ್ರಿಜ್ಜು.

ಮಾರ್ಚ್ 12, ಬುಧವಾರ
ಬೂಟಿನವಳು ಬಂದಳು. ಹೆದರ್ ಅಂತ, ಇಲಾಖೆಯವಳು. ಎಡ ಹೆಗಲಲ್ಲೇ ಚೀಲ. ಕೆಟ್ಟವಳಲ್ಲ. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತಳು.
"ನಿನ್ನ ಹೆಸರೇನಮ್ಮ?"
ಮಗು ನನ್ನ ಕಡೆ ನೋಡಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿತು.
"ಐದು ತುಂಬಿದೆ, ಹೆಸರು ಹೇಳಕ್ಕೆ ಬರಲ್ವಾ?"
"ಬರತ್ತೆ ಮೇಡಂ. ಹೇಳಬಾರದು. ಸಾವಾಗಿದೆ, ಅದೇ ಹೆಸರಿನವರು."
"ಹೌದಾ, ಪಾಪ" ಅನ್ನುತ್ತಲೇ ಬರೆದುಕೊಂಡಳು.
ಮಾವ ಸುಮ್ಮನಿರಲಿಲ್ಲ: "ನಾಯಿಗಳ್ದೂ ಬರ್ಕೊಳಿ ಮೇಡಂ. ಅವು ಹೆಸರು ಹೇಳಕ್ಕೆ ನಾಚಲ್ಲ."
ಅವಳು ಬರೆಯುತ್ತಲೇ ಇದ್ದಳು. ಕ್ಲಿನಿಕ್ಕಿನಲ್ಲಿ ತಲೆಕೆಳಗಾದ ಕಾಗದ ಓದಿ ಅಭ್ಯಾಸ ನನಗೆ. ಓದಿದೆ. ವಾಸಕ್ಕೆ ಮನೆ ಇಲ್ಲ. ಮೈ ಕೊಳೆ. ತಲೆ ಬೋಳು, ಹೇನಿರಬಹುದು. ತನ್ನ ಹೆಸರು ತಿಳಿಯದು.

ನನ್ನ ಅಮ್ಮನಿಗೂ ಆಗ ಐದೇ ವರ್ಷ. ಅವಳಪ್ಪ ಬಿಳಿಯ; ನಮ್ಮ ಮೂಲನಿವಾಸಿಗಳ ಅಂಥ ಮಕ್ಕಳನ್ನು ಸರ್ಕಾರ ಕಿತ್ತೊಯ್ದು ಮಿಷನ್ನಿಗೆ ಹಾಕುತ್ತಿದ್ದ ಕಾಲ. ಪೊಲೀಸ್ ಟ್ರಕ್ಕಿನ ಸದ್ದು ಕೇಳಿದರೆ ಅಜ್ಜಿ ಓಡಿಬಂದು ಅವಳ ಮೈಗೆ ಇದ್ದಿಲು ಉಜ್ಜುತ್ತಿದ್ದಳಂತೆ, ಬಣ್ಣ ಮುಚ್ಚಲು. ಒಂದು ದಿನ ಹಳ್ಳದಲ್ಲಿ ನೀರಿತ್ತು. ಅಮ್ಮ ಆಡಿಕೊಂಡಿದ್ದಳು. ಇದ್ದಿಲು ತೊಳೆದುಹೋಗಿತ್ತು.
ಮಿಷನ್ನಿನವರು ಅವಳಿಗೆ ಬೇರೆ ಹೆಸರಿಟ್ಟರು. ತಿರುಗಿ ಬಂದಾಗ ಹಳೆಯ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ.

ಮಾರ್ಚ್ 21, ಶುಕ್ರವಾರ
ಒಂಬತ್ತು ದಿನ ಬರೆಯಲಾಗಲಿಲ್ಲ.
ಕೋರ್ಟು 27ಕ್ಕೆ. ಮಗು ನನ್ನಲ್ಲೇ ಇರಲಿ ಅಂತ ಅರ್ಜಿ ಕೊಟ್ಟಿದ್ದೆ. ವಾಪಸ್ ಬಂದಿದೆ. ಕುಮಂಜಯಿ ಅಂತ ಬರೆದ ಜಾಗಕ್ಕೆ ಕೆಂಪು ಸುತ್ತು. ಜನನ ದಾಖಲೆಯ ಹೆಸರೇ ಬೇಕಂತೆ. ಜೊತೆಗೆ ಹೊಸ ಖಾಲಿ ಅರ್ಜಿ ಇಟ್ಟಿದ್ದಾರೆ, ಒಂದೇ ಒಂದು. 26ರ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಒಯ್ಯುತ್ತಾರೆ. ಅರ್ಜಿಯನ್ನು — ಇಲ್ಲವಾದರೆ ಮಗುವನ್ನು.
ಹೆದರ್‌ಗೆ ಫೋನ್ ಮಾಡಿದೆ. "ಹೆಸರು ನಿಮ್ಮ ದಾಖಲೆಯಲ್ಲೇ ಇದೆಯಲ್ಲ ಮೇಡಂ, ನೀವೇ ತುಂಬಿಬಿಡಿ."
"ನಾನು ಬರೆದ್ರೆ ನಡೆಯಲ್ಲ ನೋರೀನ್. ನಿಮ್ಮ ಕೈಬರಹನೇ ಆಗ್ಬೇಕು."
ಬರೆಯಬಹುದಾ ಅಂತ ಮಾವನನ್ನು ಕೇಳಿದೆ. ಈ ಸಲ ತಮಾಷೆ ಮಾಡಲಿಲ್ಲ.
"ಇನ್ನೂ ಮಣ್ಣಾಗಿಲ್ಲ ಅವಳು, ಪಟ್ಟಣದ ಐಸ್ ಪೆಟ್ಟಿಗೇಲಿದಾಳೆ. ಈಗ ಕರೆದ್ರೆ ತಿರುಗಿ ನೋಡ್ತಾಳೆ. ಒಂಟಿ ಅವಳು. ಯಾರನ್ನ ಜೊತೆಗೆ ಕರೀತಾಳೆ ಹೇಳು? ಅದೇ ಹೆಸರಿನವಳನ್ನೇ."

ಮಾರ್ಚ್ 26, ಬುಧವಾರ. 11.20
ರಸ್ತೆಯ ತುದಿಯಲ್ಲಿ ಧೂಳು.
ಅರ್ಜಿ ತೊಡೆಯ ಮೇಲಿದೆ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ತುಂಬಿದ್ದೇನೆ. ಮಾವ ಬೆನ್ನು ತಿರುಗಿಸಿ ಕೂತಿದ್ದಾನೆ, ತಾನು ನೋಡಲಾರೆ ಅಂತ. ಮಗು ನನ್ನ ಬೆನ್ನಿಗೆ ಒರಗಿದೆ. ಮೈ ಬಿಸಿ. ಬೆಳಿಗ್ಗೆ ಇರಲಿಲ್ಲ.

11.40
ಕಾರಿನ ಸದ್ದು ಕೇಳುತ್ತಿದೆ. ನಾಯಿಗಳು ಎದ್ದು ನಿಂತಿವೆ, ಎಲ್ಲವೂ. ರಸ್ತೆಯ ಕಡೆ ನೋಡುತ್ತಿಲ್ಲ. ಹಳ್ಳದ ಆಚೆ, ಬೀಗ ಹಾಕಿದ ಮನೆಯ ಕಡೆ.
ಇರುವುದು ಒಂದೇ ಅರ್ಜಿ, ಕೆಡಿಸುವಂತಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಮಗುವಿನ ಹೆಸರು: