ಬೆನ್ನ ಮೇಲೆ ಹೃದಯವಿದ್ದ ತಿಗಣೆ

ಜೂನ್ ೧೪, ಮಧ್ಯಾಹ್ನ

ನನ್ನ ಪುಟ್ಟಿಗೆ,

ಆಶೀರ್ವಾದಗಳು. ಹೋದ ವಾರವೇ ಬರೆಯಬೇಕಿತ್ತು, ಬೇಜಾರು ಮಾಡಿಕೊಳ್ಳಬೇಡ. ನೀನು ಕಳಿಸಿದ ಹುಳದ ಬಗ್ಗೆ ಕಚೇರಿಯ ವರದಿಯನ್ನು ನಿನ್ನ ಗಾಜಿನಮನೆಯ ಮಾಲೀಕರಿಗೆ ಆಗಲೇ ಕಳಿಸಿದೆ. ಈ ಕಾಗದಕ್ಕೆ ಮಾತ್ರ ಮೊದಲ ಸಾಲು ಸಿಗಲಿಲ್ಲ.

ಸೇವಂತಿಗೆಯ ಮೊಗ್ಗು ಕೆಡಿಸಿದ್ದು ನೀನು ಬಿಟ್ಟ ತಿಗಣೆಗಳಲ್ಲ. ಗಿಡದ ನುಸಿಯನ್ನು ಹಿಡಿದು ತಿನ್ನಲಿ ಅಂತ ನೀನು ತರಿಸಿದ್ದು ಬೇಟೆಗಾರ ಜಾತಿ. ಸೀಸೆಯಲ್ಲಿ ನನಗೆ ಕಳಿಸಿದ್ದು ಗಿಡದ ರಸ ಹೀರುವ ಸಸ್ಯತಿಗಣೆ, ಕರೆಯದೆ ಬಂದ ನೆಂಟ. "ನಿನ್ನ ಹುಳಾನೇ ನನ್ನ ಹೂವು ತಿಂತು, ಕೆಲಸಕ್ಕೆ ಬರಬೇಡ" ಅಂತ ಮಾಲೀಕರು ಇನ್ನು ಅನ್ನುವ ಹಾಗಿಲ್ಲ.

ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಮೀಸೆಗೆ ನಾಲ್ಕು ಗಿಣ್ಣು. ಮುಂದಿನ ರೆಕ್ಕೆ ಅರ್ಧ ಚರ್ಮ, ಅರ್ಧ ಗಾಜು. ತುದಿಯ ಹತ್ತಿರ ಮಡಿಸಿದ ಹಾಗೆ ಕೆಳಕ್ಕೆ ಬಾಗಿದೆ. ಇಷ್ಟೆಲ್ಲ ನಿನ್ನ ಬೇಟೆಗಾರನಿಗೂ ಉಂಟು, ಇಬ್ಬರೂ ದಾಯಾದಿಗಳು. ತೀರ್ಮಾನವಾಗಿದ್ದು ನೆತ್ತಿಯಲ್ಲಿ. ಬೇಟೆಗಾರನಿಗೆ ದೊಡ್ಡ ಕಣ್ಣುಗಳ ನಡುವೆ ಚುಕ್ಕಿಯಂಥ ಇನ್ನೆರಡು ಕಣ್ಣಿರುತ್ತವೆ. ದೀಪವನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕಿದೆ. ಇಲ್ಲ, ಬರೀ ನುಣುಪು. ಇಷ್ಟು ವರ್ಷದಿಂದ ಇದೇ ಕೆಲಸ. ಆದರೂ ಇಲ್ಲದ್ದನ್ನು ಕಂಡು ಇನ್ನೊಮ್ಮೆ ಕಣ್ಣಿಟ್ಟು ನೋಡಿದೆ. ಬೆನ್ನಿನಲ್ಲಿ ಮಾಸಲು ಹಳದಿಯ ಹೃದಯ, ಕುಂಚದ ಒಂದೇ ಕೂದಲಿನಿಂದ ಬರೆದ ಹಾಗೆ.

ಮೈಬಣ್ಣ ಕಂದು, ಬೆನ್ನಲ್ಲಿ ಹೃದಯವೊಂದು,
ಮೊಗ್ಗಿನ ರಸ ಕುಡಿದು ಕೂತಿದ್ದೀಯಾ ಬಂದು?

ಗಟ್ಟಿಯಾಗಿಯೇ ಅಂದುಬಿಟ್ಟೆನೇನೋ, ಪಕ್ಕದ ಕೋಣೆಯ ಟೈಪಿಸ್ಟಮ್ಮ ಇಣುಕಿದರು.

"ಸಾರ್, ಸತ್ತ ಹುಳಕ್ಕೆ ಪದ್ಯ ಹೇಳ್ತಿದ್ದೀರಾ?"

"ಬದುಕಿರೋರು ಕೇಳಲ್ವಲ್ಲಮ್ಮ."

ಅವರನ್ನೂ ಕೂರಿಸಿ ತೋರಿಸಿದೆ. ಬಗ್ಗಿದವರು ಬೇಗ ಏಳಲಿಲ್ಲ. "ಇಷ್ಟು ಚಂದ ಸಿಂಗಾರ ಮಾಡ್ಕೊಂಡು ಕಳ್ಳತನಕ್ಕೆ ಹೋಗಿದ್ದಾನಲ್ಲ ಸಾರ್" ಅಂದರು ಮೆಲ್ಲಗೆ.

ಸುರುಟಿದ ಮೊಗ್ಗುಗಳನ್ನು ಚಿವುಟಿ ತೆಗೆ. ಗಾಜಿನಮನೆಯ ಸುತ್ತಲಿನ ಕಳೆ ಕೀಳಿಸು, ಅಲ್ಲಿಂದಲೇ ಬಂದಿರುತ್ತಾನೆ. ಗಿಡಗಳು ಚಿಗುರುತ್ತವೆ, ಸುಡಬೇಕಾಗಿಲ್ಲ. ನಿನ್ನ ಕೆಲಸ ಉಳಿಯಲಿ, ಕಣ್ತುಂಬ ನಿದ್ದೆ ಬರಲಿ, ಕೈತುಂಬ ಹೂವಿರಲಿ.

ಇತಿ,
ನಿನ್ನ ಅಪ್ಪ

ಮತ್ತೊಂದು ಮಾತು: ಸೀಸೆಯ ಜೊತೆಗಿದ್ದ ಕಾಗದವನ್ನು ನೀನು "ಮಾನ್ಯರೇ" ಅಂತ ಶುರು ಮಾಡಿದ್ದೀಯ. ಈ ವಿಭಾಗದಲ್ಲಿ ಹುಳ ಪರೀಕ್ಷಿಸುವವನು ನಾನೊಬ್ಬನೇ ಅಂತ ನಿನಗೆ ಗೊತ್ತು. ನಾನು ಎರಡನೇ ಮದುವೆಯಾದ ಮೇಲೆ ನಿನ್ನ ಕೈಯಿಂದ ನನಗೆ ಬಂದ ಮೊದಲ ಕಾಗದ ಅದು. ನಿಯಮದ ಪ್ರಕಾರ ಅದು ಫೈಲಿಗೆ ಹೋಗಬೇಕು. ಫೈಲಿಗೆ ನಕಲು ಹಾಕಿದ್ದೇನೆ.